ಸೇವ್ ಒತ್ತಿದರೂ ಖಾಲಿ: ಟಿಕಿಂಟರ್ ಫಾರಂನಿಂದ ಮಾಹಿತಿ ಓದುವ ಬಗೆ

ಪ್ರಶ್ನೆ: ನಮ್ಮೂರಿನ ಹಾಲಿನ ಡೈರಿಗೆಂದು ಪೈಥಾನ್‌ನ ವಿಂಡೋ ಲೈಬ್ರರಿ ಟಿಕಿಂಟರ್‌ನಲ್ಲಿ ಚಿಕ್ಕದೊಂದು ಫಾರಂ ಮಾಡುತ್ತಿದ್ದೇನೆ. ಸದಸ್ಯರ ನಂಬರ್, ಹೆಸರು, ಲೀಟರ್, ಫ್ಯಾಟ್, ಹಸುವೋ ಎಮ್ಮೆಯೋ, ಬೆಳಿಗ್ಗೆಯೋ ಸಂಜೆಯೋ, ಕೊನೆಗೊಂದು ಷರಾ. ಮೊದಮೊದಲು ಏನು ಟೈಪ್ ಮಾಡಿದರೂ ಖಾಲಿ ಸ್ಟ್ರಿಂಗ್ ಬರುತ್ತಿತ್ತು. ಕೋಡನ್ನು ಅತ್ತಿತ್ತ ಸರಿಸಿದೆ. ಆಗ ‘ನನ್‌ಟೈಪ್‌ಗೆ ಗೆಟ್ ಇಲ್ಲ’ ಎಂಬ ಎರರ್ ಶುರುವಾಯಿತು. ಈಗ ಹೇಗೋ ನಡೆಯುತ್ತಿದೆ, ಆದರೆ 12.5 ಲೀಟರ್ ಹಾಕಿದರೆ 12 ಎಂದು ಸೇವ್ ಆಗುತ್ತದೆ. ಬಾಕ್ಸ್ ಖಾಲಿ ಬಿಟ್ಟು ಬಟನ್ ಒತ್ತಿದರೆ ಏನೂ ಆಗುವುದೇ ಇಲ್ಲ. ಟಿಕಿಂಟರ್ ಬಿಟ್ಟು ಕ್ಯೂಟಿ ಎಂಬ ಇನ್ನೊಂದು ವಿಂಡೋ ಲೈಬ್ರರಿಗೆ ಹೋಗಬೇಕೇ?

ಉತ್ತರ: ಸದ್ಯಕ್ಕೆ ಬೇಡ. ನೀವು ಹೇಳಿದ ನಾಲ್ಕು ತೊಂದರೆಗಳಲ್ಲಿ ಎರಡು ಕ್ಯೂಟಿಗೆ ಹೋದರೂ ನಿಮ್ಮ ಬೆನ್ನು ಬಿಡುವುದಿಲ್ಲ. ಉಳಿದೆರಡು ಟಿಕಿಂಟರ್‌ನವೇ ಹೌದು, ಆದರೆ ಒಂದೊಂದು ಸಾಲು ತಿದ್ದಿದರೆ ಹೋಗುವಂಥವು. ಕೋಡ್ ಕಳಿಸಿಲ್ಲವಾದರೂ ಲಕ್ಷಣ ಕೇಳಿದರೆ ಎಲ್ಲಿ ಏನಾಗಿದೆ ಎಂದು ಸಾಕಷ್ಟು ಖಚಿತವಾಗಿಯೇ ಹೇಳಬಹುದು. ಮೆಥಡ್‌ಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ. ನಿಮ್ಮ ಕಡತದಲ್ಲಿ ಅವು ಮಾಮೂಲಿನಂತೆ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು.

ಮೊದಲನೆಯದು ಆ ಖಾಲಿ ಸ್ಟ್ರಿಂಗ್. ಕನ್ಸೋಲ್ ಪ್ರೋಗ್ರಾಂ ಬರೆದು ರೂಢಿಯಾದವರಿಗೆಲ್ಲ ಇದು ಕಾಡುತ್ತದೆ. ಅಲ್ಲಿ ಇನ್‌ಪುಟ್() ಎಂದು ಬರೆದರೆ ಪ್ರೋಗ್ರಾಂ ಆ ಸಾಲಿನಲ್ಲೇ ನಿಂತು ಕಾಯುತ್ತದೆ, ಎಂಟರ್ ಒತ್ತುವ ತನಕ ಮುಂದಕ್ಕೆ ಹೋಗದು. ವಿಂಡೋ ಇರುವ ಪ್ರೋಗ್ರಾಂನಲ್ಲಿ ಯಾವ ಸಾಲೂ ಹಾಗೆ ಕಾಯುವುದಿಲ್ಲ. ಎಂಟ್ರಿ ಬಾಕ್ಸ್ ಮಾಡು, ಬಟನ್ ಮಾಡು, ಜೋಡಿಸು ಎಂಬ ಸಾಲುಗಳೆಲ್ಲ ಕಣ್ಣೆವೆ ಇಕ್ಕುವಷ್ಟರಲ್ಲಿ ಓಡಿ ಮುಗಿದು, ಮೇನ್‌ಲೂಪ್() ಎಂಬ ಸಾಲಿಗೆ ಬಂದು ನಿಲ್ಲುತ್ತವೆ. ಟೈಪ್ ಮಾಡುವುದು, ಕ್ಲಿಕ್ ಮಾಡುವುದು ಎಲ್ಲ ನಡೆಯುವುದು ಆಮೇಲೆ, ಆ ಲೂಪ್ ತಿರುಗುತ್ತಿರುವಾಗ. ನೀವು ಬಾಕ್ಸ್ ಮಾಡಿದ ಮರುಸಾಲಿನಲ್ಲೇ, ಅದರಲ್ಲಿರುವುದನ್ನು ಓದುವ ಗೆಟ್() ಕರೆದಿದ್ದೀರಿ. ಕ್ಯಾನ್ ಇನ್ನೂ ಗಾಡಿಯಿಂದ ಇಳಿದಿಲ್ಲ, ಅಷ್ಟರಲ್ಲಿ ಲೀಟರ್ ಬರೆದುಕೊಂಡ ಹಾಗಾಯಿತು. ಬಾಕ್ಸ್ ಆಗ ನಿಜಕ್ಕೂ ಖಾಲಿಯೇ ಇತ್ತು; ಗೆಟ್ ಸುಳ್ಳು ಹೇಳಲಿಲ್ಲ.

ಹಾಗೆಂದು ಗೆಟ್ ಅನ್ನು ಮೇನ್‌ಲೂಪ್() ಆದ ಮೇಲಿನ ಸಾಲಿಗೆ ಸಾಗಿಸಿದರೂ ಆಗುವುದಿಲ್ಲ. ಆ ಸಾಲಿಗೆ ಸರದಿ ಬರುವುದು ವಿಂಡೋ ಮುಚ್ಚಿದ ಮೇಲೆ. ಅಷ್ಟು ಹೊತ್ತಿಗೆ ಎಂಟ್ರಿ ಬಾಕ್ಸ್ ನಾಶವಾಗಿರುತ್ತದೆ, ಆದ್ದರಿಂದ ‘ಇನ್‌ವ್ಯಾಲಿಡ್ ಕಮಾಂಡ್ ನೇಮ್’ ಎಂಬ ಎರರ್ ಸಿಗುತ್ತದೆ. ಓದಬೇಕಾದ ಜಾಗ ಒಂದೇ: ಬಟನ್ ಒತ್ತಿದಾಗ ಓಡುವ ಫಂಕ್ಷನ್‌ನ ಒಳಗೆ.

ಡೆಫ್ ಉಳಿಸು():
    ಲೀಟರ್_ಪಠ್ಯ = ಲೀಟರ್_ಬಾಕ್ಸ್.ಗೆಟ್().ಸ್ಟ್ರಿಪ್()

ಬಟನ್(ರೂಟ್, ಟೆಕ್ಸ್ಟ್="ಉಳಿಸಿ", ಕಮಾಂಡ್=ಉಳಿಸು)

ಕೊನೆಯ ಸಾಲಿನಲ್ಲಿ ‘ಉಳಿಸು’ ಎಂಬುದರ ಮುಂದೆ ಬ್ರ್ಯಾಕೆಟ್ ಇಲ್ಲದಿರುವುದನ್ನು ಗಮನಿಸಿ. ಬ್ರ್ಯಾಕೆಟ್ ಹಾಕಿದರೆ ಬಟನ್ ತಯಾರಾಗುವ ಹೊತ್ತಿಗೇ ಫಂಕ್ಷನ್ ಒಮ್ಮೆ ಓಡಿಬಿಡುತ್ತದೆ. ಅದು ಹಿಂದಿರುಗಿಸಿದ ನನ್ (ಪೈಥಾನ್‌ನಲ್ಲಿ ‘ಏನೂ ಇಲ್ಲ’ ಎಂಬ ಬೆಲೆ) ಎಂಬುದು ಕಮಾಂಡ್ ಜಾಗದಲ್ಲಿ ಕೂರುತ್ತದೆ, ಆಮೇಲೆ ಎಷ್ಟು ಸಲ ಒತ್ತಿದರೂ ಬಟನ್ ಸುಮ್ಮನಿರುತ್ತದೆ. ‘ಪ್ರೋಗ್ರಾಂ ಶುರುವಾದ ಕೂಡಲೇ ಒಂದು ಖಾಲಿ ಸಾಲು ಸೇವ್ ಆಗುತ್ತದೆ, ಆಮೇಲೆ ಬಟನ್ ಸತ್ತೇಹೋಗುತ್ತದೆ’ ಎಂದು ಯಾರಾದರೂ ಹೇಳಿದರೆ ಕೋಡ್ ನೋಡುವ ಅಗತ್ಯವೇ ಇಲ್ಲ, ಇದೇ ಕಾರಣ.

ಈಗ ನನ್‌ಟೈಪ್ ಎರರ್. ನೀವು ಹೀಗೆ ಬರೆದಿರುತ್ತೀರಿ:

ಲೀಟರ್_ಬಾಕ್ಸ್ = ಎಂಟ್ರಿ(ರೂಟ್).ಪ್ಯಾಕ್()

ಒಂದೇ ಸಾಲಿನಲ್ಲಿ ಕೆಲಸ ಮುಗಿಯಿತೆಂದು ಕಾಣುತ್ತದೆ, ಆದರೆ ವೇರಿಯಬಲ್‌ಗೆ ಬಂದು ಕೂರುವುದು ಎಂಟ್ರಿ ಅಲ್ಲ, ಕೊನೆಯಲ್ಲಿರುವ ಪ್ಯಾಕ್ ಹಿಂದಿರುಗಿಸಿದ ಬೆಲೆ. ಪ್ಯಾಕ್, ಗ್ರಿಡ್, ಪ್ಲೇಸ್ ಮೂರೂ ಹಿಂದಿರುಗಿಸುವುದು ನನ್. ಬಾಕ್ಸ್ ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ, ಟೈಪ್ ಕೂಡ ಮಾಡಬಹುದು, ಓದಲು ಹೋದಾಗಷ್ಟೇ ಕೈಕೊಡುತ್ತದೆ. ಸಾಲನ್ನು ಎರಡು ಮಾಡಿ: ಮೊದಲು ಎಂಟ್ರಿಯನ್ನು ವೇರಿಯಬಲ್‌ಗೆ ಹಾಕಿ, ಮುಂದಿನ ಸಾಲಿನಲ್ಲಿ ಪ್ಯಾಕ್ ಮಾಡಿ. ಮತ್ತೆ ಓದುವ ಅಗತ್ಯವಿಲ್ಲದ ಲೇಬಲ್‌ಗಳಿಗೆ ಒಂದೇ ಸಾಲು ಸಾಕು, ಅಲ್ಲಿ ತಪ್ಪೇನೂ ಇಲ್ಲ.

ನಿಮ್ಮ ಪ್ರಶ್ನೆಯ ಹೂರಣ ಇರುವುದು ಮೂರನೆಯದರಲ್ಲಿ. 12.5 ಹೇಗೆ 12 ಆಯಿತು? ಲೀಟರ್ ಬಾಕ್ಸ್‌ಗೆ ನೀವು ಇಂಟ್‌ವಾರ್ (ಬಾಕ್ಸ್‌ನ ಬೆಲೆ ಹಿಡಿದಿಡುವ ಟಿಕಿಂಟರ್ ವೇರಿಯಬಲ್) ಕಟ್ಟಿದ್ದೀರಿ. ಹೆಸರು ನೋಡಿದರೆ ‘ಇದರಲ್ಲಿ ಪೂರ್ಣಾಂಕ ಬಿಟ್ಟು ಬೇರೇನೂ ನಿಲ್ಲದು’ ಎಂದೆನಿಸುತ್ತದೆ, ಆದರೆ ಅದು ಕಾವಲುಗಾರನಲ್ಲ. ಬಾಕ್ಸ್‌ನಲ್ಲಿ ಯಾರು ಏನು ಬೇಕಾದರೂ ಟೈಪ್ ಮಾಡಬಹುದು. ಗೆಟ್ ಕರೆದಾಗ ಮೊದಲು ಅದನ್ನು ಪೂರ್ಣಾಂಕವಾಗಿ ಓದಲು ಯತ್ನಿಸುತ್ತದೆ. ಆಗದಿದ್ದರೆ ದಶಮಾಂಶ ಸಂಖ್ಯೆಯಾಗಿ ಓದಿ, ಚುಕ್ಕೆಯ ಆಚೆಗಿನದನ್ನು ಕತ್ತರಿಸಿ ಕೊಡುತ್ತದೆ. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. 12.9 ಹಾಕಿದರೂ 12 ಎಂದೇ ಬರುತ್ತದೆ. ಹಾಲು ಹಾಕಿದವರ ಲೆಕ್ಕದಲ್ಲಿ ದಿನಕ್ಕೆ ಅರ್ಧ ಲೀಟರ್ ಹೀಗೆ ಮಾಯವಾದರೆ ಬಿಲ್ಲು ಬಟವಾಡೆಯ ದಿನ ಡೈರಿ ಮುಂದೆ ಏನು ನಡೆಯುತ್ತದೆಂದು ನಿಮಗೇ ಗೊತ್ತು.

ಇದಕ್ಕಿಂತ ಕೆಟ್ಟದ್ದೊಂದಿದೆ. ಸದಸ್ಯರ ನಂಬರಿಗೂ ಇಂಟ್‌ವಾರ್ ಕಟ್ಟಿದ್ದರೆ ಈ ಕೂಡಲೇ ತೆಗೆಯಿರಿ. ಟಿಕಿಂಟರ್‌ನ ಕೆಳಗೆ ಕೆಲಸ ಮಾಡುವುದು ಟಿಸಿಎಲ್ ಎಂಬ ಇನ್ನೊಂದು ಭಾಷೆ. ಇಂಟ್‌ವಾರ್ ಸಂಖ್ಯೆ ಓದಿಸುವುದು ಅದರ ಕೈಯಲ್ಲಿ. ಟಿಸಿಎಲ್ 8ರ ಸರಣಿಯಲ್ಲಿ ಸೊನ್ನೆಯಿಂದ ಶುರುವಾಗುವ ಸಂಖ್ಯೆಯನ್ನು ಎಂಟರ ಮೂಲದ ಎಣಿಕೆ ಎಂದು ತಿಳಿಯುವ ಹಳೆಯ ರೂಢಿ ಉಂಟು. ಪಾಸ್‌ಬುಕ್ಕಿನಲ್ಲಿ ಇರುವಂತೆಯೇ 010 ಎಂದು ಟೈಪ್ ಮಾಡಿದರೆ ಅದಕ್ಕೆ 8 ಎಂದು ಕೇಳಿಸುತ್ತದೆ. ಹತ್ತನೆಯವರ ಹಾಲು ಎಂಟನೆಯವರ ಖಾತೆಗೆ ಜಮಾ! 2024ರಲ್ಲಿ ಬಂದ ಟಿಸಿಎಲ್ 9ರಲ್ಲಿ ಈ ರೂಢಿಯನ್ನು ಕೈಬಿಟ್ಟಿದ್ದಾರೆ, ಆದರೆ ಬಹುತೇಕ ಕಂಪ್ಯೂಟರ್‌ಗಳಲ್ಲಿ ಪೈಥಾನ್ ಜೊತೆ ಬಂದು ಕೂತಿರುವುದು ಈಗಲೂ 8.6. ಪೈಥಾನ್‌ನ ಇಂಟ್() ಫಂಕ್ಷನ್‌ಗೆ "010" ಎಂಬ ಸ್ಟ್ರಿಂಗ್ ಕೊಟ್ಟರೆ ಮರ್ಯಾದೆಯಿಂದ 10 ಎಂದೇ ಹೇಳುತ್ತದೆ.

ದಶಮಾಂಶಕ್ಕೆಂದೇ ಇರುವ ಡಬಲ್‌ವಾರ್ ಹಾಕಿದರೆ? 12.5 ಸರಿಯಾಗಿ ಬರುತ್ತದೆ. ಆದರೆ ಫಾರಂ ತೆರೆದೊಡನೆ ಬಾಕ್ಸ್‌ನಲ್ಲಿ 0.0 ಎಂದು ಕೂತಿರುತ್ತದೆ, ಅವಸರದಲ್ಲಿ ಅದರ ಎಡಕ್ಕೆ 12.5 ಸೇರಿಸಿದರೆ 12.50.0 ಆಗುತ್ತದೆ, ಗೆಟ್ ಕರೆದಾಗ ಎರರ್. ಅಳಿಸಿ ಖಾಲಿ ಬಿಟ್ಟರೂ ಎರರ್. ಆದ್ದರಿಂದ ನನ್ನ ಸಲಹೆ ಸ್ವಲ್ಪ ಮೊಂಡಾಗಿಯೇ ಇದೆ: ಜನ ಕೈಯಾರೆ ಟೈಪ್ ಮಾಡುವ ಬಾಕ್ಸ್‌ಗೆ ಇಂಟ್‌ವಾರ್, ಡಬಲ್‌ವಾರ್ ಎರಡೂ ಬೇಡ. ಎಂಟ್ರಿಯ ಗೆಟ್ ಸಾಕು, ಇಲ್ಲವೇ ಪಠ್ಯ ಹಿಡಿದಿಡುವ ಸ್ಟ್ರಿಂಗ್‌ವಾರ್. ಬಂದದ್ದು ಯಾವಾಗಲೂ ಪಠ್ಯ ಎಂದು ತಿಳಿದು, ಅದನ್ನು ಸಂಖ್ಯೆ ಮಾಡುವ ಕೆಲಸವನ್ನು ನಿಮ್ಮ ಕೈಯಲ್ಲೇ, ಒಂದೇ ಕಡೆ ಇಟ್ಟುಕೊಳ್ಳಿ. ಚೆಕ್‌ಬಾಕ್ಸ್‌ಗೆ ಬೂಲಿಯನ್‌ವಾರ್, ರೇಡಿಯೋ ಬಟನ್‌ಗೆ ಇಂಟ್‌ವಾರ್ ಬಳಸಿದರೆ ತೊಂದರೆಯಿಲ್ಲ, ಅಲ್ಲಿ ಯಾರೂ ಏನೂ ಟೈಪ್ ಮಾಡುವುದಿಲ್ಲವಲ್ಲ.

ಆ ‘ಒಂದೇ ಕಡೆ’ ಎಂಬುದು ಹೇಗಿರಬೇಕು ಎಂದರೆ, ಪಠ್ಯ ತೆಗೆದುಕೊಂಡು ಸಂಖ್ಯೆ ಕೊಡುವ ಅಥವಾ ಏನು ತಪ್ಪೆಂದು ಹೇಳುವ ಪುಟ್ಟ ಫಂಕ್ಷನ್. ವಿಜೆಟ್‌ನ (ಬಾಕ್ಸ್, ಬಟನ್‌ನಂಥ ಭಾಗದ) ಹೆಸರೇ ಅದರೊಳಗೆ ಬರಬಾರದು. ಹಾಗಿದ್ದರೆ ವಿಂಡೋ ತೆರೆಯದೆಯೂ ಅದನ್ನು ಪರೀಕ್ಷಿಸಬಹುದು. ಮೊದಲು ಸ್ಟ್ರಿಪ್ ಮಾಡಿ ಹಿಂದುಮುಂದಿನ ಖಾಲಿ ಜಾಗ ತೆಗೆಯಲಿ. ಮೊತ್ತದ ಬಾಕ್ಸ್ ಆದರೆ ಅಲ್ಪವಿರಾಮವನ್ನೂ ತೆಗೆಯಲಿ, ಏಕೆಂದರೆ ನಮ್ಮವರು 1,25,000 ಎಂದೇ ಬರೆಯುತ್ತಾರೆ ಮತ್ತು ಪೈಥಾನ್‌ನ ಇಂಟ್ ಅದನ್ನು ಒಪ್ಪುವುದಿಲ್ಲ. ತಮಾಷೆಯೆಂದರೆ ಅಲ್ಪವಿರಾಮದ ಬದಲು ಅಡಿಗೆರೆ ಹಾಕಿ 1_25_000 ಎಂದರೆ 3.6ರಿಂದ ಈಚಿನ ಪೈಥಾನ್ ಒಪ್ಪಿಕೊಳ್ಳುತ್ತದೆ. ಹಾಗೆ ಬರೆಯುವ ಕಾರ್ಯದರ್ಶಿ ಯಾವ ಸಂಘದಲ್ಲೂ ಇರಲಾರರು.

ಲೀಟರ್, ಫ್ಯಾಟ್‌ಗೆ ಫ್ಲೋಟ್ ನಡೆಯುತ್ತದೆ. ದರ, ರೂಪಾಯಿ ಬಂದಲ್ಲಿ ದಶಮಾಂಶವನ್ನು ನಿಖರವಾಗಿ ಇಡುವ ಡೆಸಿಮಲ್ ಬಳಸಿ. ಫ್ಲೋಟ್‌ನಲ್ಲಿ 0.1 ಮತ್ತು 0.2 ಕೂಡಿಸಿದರೆ ನೆಟ್ಟಗೆ 0.3 ಬರುವುದಿಲ್ಲ, ತಿಂಗಳ ಬಿಲ್ಲಿನಲ್ಲಿ ಪೈಸೆ ಹೊಂದಾಣಿಕೆಯಾಗದು. ಎಂಟ್ರಿಯಿಂದ ಬಂದ ಸ್ಟ್ರಿಂಗನ್ನೇ ಡೆಸಿಮಲ್‌ಗೆ ಕೊಡಿ. ನಡುವೆ ಫ್ಲೋಟ್ ಮಾಡಿ ಕೊಟ್ಟರೆ ಆ ಕೊಳೆಯೂ ಜೊತೆಗೇ ಬರುತ್ತದೆ. ಇಲ್ಲೊಂದು ಗುಂಡಿ ಇದೆ. ಇಂಟ್, ಫ್ಲೋಟ್ ಎರಡೂ ತಪ್ಪು ಪಠ್ಯ ಕಂಡರೆ ವ್ಯಾಲ್ಯೂಎರರ್ ಎಸೆಯುತ್ತವೆ. ಡೆಸಿಮಲ್ ಎಸೆಯುವುದು ಇನ್‌ವ್ಯಾಲಿಡ್‌ಆಪರೇಶನ್, ಅದು ಅರಿಥ್ಮೆಟಿಕ್‌ಎರರ್ ವಂಶದ್ದು. ‘ಎಕ್ಸೆಪ್ಟ್ ವ್ಯಾಲ್ಯೂಎರರ್’ ಎಂದಷ್ಟೇ ಬರೆದಿದ್ದರೆ ಅದು ಬಲೆಗೆ ಬೀಳದೆ ನುಸುಳಿಹೋಗುತ್ತದೆ. ಜೊತೆಗೆ, ಫ್ಲೋಟ್ ಮತ್ತು ಡೆಸಿಮಲ್ ಎರಡೂ ‘ನ್ಯಾನ್’, ‘ಇನ್ಫ್’ ಎಂಬ ಇಂಗ್ಲಿಷ್ ಪದಗಳನ್ನು ಸಂಖ್ಯೆಯೆಂದೇ ಸ್ವೀಕರಿಸುತ್ತವೆ. ಆದ್ದರಿಂದ ಸಂಖ್ಯೆ ಆಯಿತೆಂದ ಮಾತ್ರಕ್ಕೆ ಬಿಡದೆ ಮಿತಿಯನ್ನೂ ನೋಡಿ: ಲೀಟರ್ ಸೊನ್ನೆಗಿಂತ ಹೆಚ್ಚು, ನೀವು ನಂಬಬಹುದಾದ ಒಂದು ಗರಿಷ್ಠಕ್ಕಿಂತ ಕಡಿಮೆ. ಫ್ಯಾಟ್ 4.1 ಬರೆಯುವ ಕಡೆ ಚುಕ್ಕೆ ಮರೆತು 41 ಎಂದು ಬೀಳುವುದು ಈ ಕೆಲಸದಲ್ಲಿ ತೀರಾ ಸಹಜ, ಮಿತಿ ಇದ್ದರೆ ಅದೂ ಸಿಕ್ಕಿಬೀಳುತ್ತದೆ.

ನಾಲ್ಕನೆಯದು: ಖಾಲಿ ಬಿಟ್ಟು ಒತ್ತಿದರೆ ಏನೂ ಆಗುವುದಿಲ್ಲ ಎಂದಿರಿ. ಆಗುತ್ತಿದೆ, ನಿಮಗೆ ಕಾಣುತ್ತಿಲ್ಲ. ಬಟನ್‌ನ ಫಂಕ್ಷನ್ ಒಳಗೆ ಎರರ್ ಬಂದರೆ ಟಿಕಿಂಟರ್ ವಿಂಡೋವನ್ನು ಮುಚ್ಚುವುದಿಲ್ಲ. ಎರರ್‌ನ ವಿವರವನ್ನು ಕನ್ಸೋಲ್‌ಗೆ ಬರೆದು ಲೂಪ್ ಮುಂದುವರಿಸುತ್ತದೆ. ವಿಂಡೋಸ್‌ನಲ್ಲಿ ಕನ್ಸೋಲ್ ಇಲ್ಲದ ಪೈಥಾನ್‌ಡಬ್ಲ್ಯೂ ಮೂಲಕ ಓಡಿಸಿದರೆ ಆ ವಿವರ ಯಾರ ಕಣ್ಣಿಗೂ ಬೀಳುವುದಿಲ್ಲ. ಡೈರಿಯಲ್ಲಿ ಕೂತವರಿಗೆ ‘ಸೇವ್ ಆಯಿತು’ ಎಂದೇ ಅನಿಸುತ್ತದೆ. ಪರಿಹಾರ ಸುಲಭ. ರೂಟ್ ವಿಂಡೋಗೆ ರಿಪೋರ್ಟ್_ಕಾಲ್‌ಬ್ಯಾಕ್_ಎಕ್ಸೆಪ್ಶನ್ ಎಂಬ ಮೆಥಡ್ ಇದೆ. ಅದರ ಜಾಗಕ್ಕೆ ನಿಮ್ಮದೊಂದು ಫಂಕ್ಷನ್ ಕೊಡಿ. ಅದು ಮೆಸೇಜ್‌ಬಾಕ್ಸ್‌ನಲ್ಲಿ ‘ಸೇವ್ ಆಗಲಿಲ್ಲ’ ಎಂದು ತೋರಿಸಲಿ, ವಿವರವನ್ನು ಒಂದು ಕಡತಕ್ಕೆ ಬರೆದಿಡಲಿ. ಮೊದಲ ದಿನವೇ ಮಾಡಬೇಕಾದ ಕೆಲಸ ಇದು, ಉಳಿದದ್ದೆಲ್ಲ ಆಮೇಲೆ.

ಖಾಲಿ ಬಾಕ್ಸನ್ನು ಮಾತ್ರ ಎರರ್ ಆಗುವವರೆಗೆ ಬಿಡಬೇಡಿ. ಓದಿದ ಕೂಡಲೇ ನೋಡಿ, ಖಾಲಿಯಿದ್ದರೆ ಆ ಬಾಕ್ಸ್‌ನ ಪಕ್ಕದಲ್ಲೇ ಕೆಂಪಕ್ಷರದಲ್ಲಿ ‘ಲೀಟರ್ ಬರೆಯಿರಿ’ ಎಂದು ತೋರಿಸಿ, ಫೋಕಸ್_ಸೆಟ್() ಕರೆದು ಕರ್ಸರನ್ನು ಅಲ್ಲಿಗೇ ಒಯ್ಯಿರಿ. ಪ್ರತಿ ತಪ್ಪಿಗೂ ಪಾಪ್‌ಅಪ್ ಎದ್ದರೆ ಬೆಳಗಿನ ಸಾಲಿನಲ್ಲಿ ನಿಂತವರು ಬೈಯುತ್ತಾರೆ.

ಕೆಲವರು ಇನ್ನೂ ಮುಂದೆ ಹೋಗಿ, ತಪ್ಪು ಕೀಲಿ ಒತ್ತಿದರೆ ಬಾಕ್ಸ್‌ನೊಳಗೆ ಬೀಳದಂತೆಯೇ ತಡೆಯುತ್ತಾರೆ. ಎಂಟ್ರಿಯ ವ್ಯಾಲಿಡೇಟ್, ವ್ಯಾಲಿಡೇಟ್‌ಕಮಾಂಡ್ ಆಯ್ಕೆಗಳು ಅದಕ್ಕೇ ಇವೆ: ರಿಜಿಸ್ಟರ್ ಮೂಲಕ ಫಂಕ್ಷನ್ ನೋಂದಾಯಿಸಿ, ಶೇಕಡಾ ಚಿಹ್ನೆಯ ಜೊತೆ ದೊಡ್ಡಕ್ಷರದ ಪಿ ಕೊಟ್ಟರೆ, ಈ ಕೀಲಿಯನ್ನು ಒಪ್ಪಿದರೆ ಬಾಕ್ಸ್‌ನಲ್ಲಿ ಏನಿರುತ್ತದೋ ಆ ಪಠ್ಯ ನಿಮ್ಮ ಫಂಕ್ಷನ್‌ಗೆ ಬರುತ್ತದೆ. ಟ್ರೂ ಅಥವಾ ಫಾಲ್ಸ್ ಹೇಳಬೇಕು. ರಿಟರ್ನ್ ಮರೆತರೆ ಟಿಕೆ (ಟಿಕಿಂಟರ್‌ನ ಒಳಗಿರುವ ವಿಂಡೋ ಲೈಬ್ರರಿ) ತಪಾಸಣೆಯನ್ನೇ ಕೈಬಿಡುತ್ತದೆ, ಅದರೊಳಗಿಂದಲೇ ಬಾಕ್ಸ್‌ನ ಪಠ್ಯ ಬದಲಿಸಿದರೂ ಅಷ್ಟೇ. ನನಗೇನೋ ಈ ಕೀಲಿ ತಡೆಯುವ ಪದ್ಧತಿ ಹಿಡಿಸುವುದಿಲ್ಲ. ಬರೆಯುತ್ತಿರುವಾಗ ಪಠ್ಯ ಅರ್ಧಂಬರ್ಧ ಇರುವುದೇ ಸಹಜ: ಎಲ್ಲ ಅಳಿಸಿದಾಗ ಖಾಲಿ, ಅರ್ಧ ಲೀಟರ್‌ಗೆ .5 ಬರೆಯುವಾಗ ಮೊದಲು ಬರೀ ಚುಕ್ಕೆ. ಅವನ್ನು ತಪ್ಪೆಂದು ತಡೆದರೆ ಕೀಬೋರ್ಡ್ ಕೆಟ್ಟಿದೆಯೆಂದು ಜನ ತಿಳಿಯುತ್ತಾರೆ. ಬಾಕ್ಸ್ ಬಿಟ್ಟು ಹೋಗುವಾಗ, ಅಂದರೆ ಫೋಕಸ್‌ಔಟ್‌ನಲ್ಲಿ, ಬಣ್ಣ ಬದಲಿಸಿ ತೋರಿಸಿದರೆ ಸಾಕು.

ಕನ್ನಡದಲ್ಲಿ ಟೈಪ್ ಮಾಡುವವರಿರುವ ಫಾರಂಗೆ ಇನ್ನಷ್ಟು ಎಚ್ಚರ ಬೇಕು. ಇದನ್ನು ಇಂಗ್ಲಿಷ್ ಪಾಠಗಳಲ್ಲಿ ಯಾರೂ ಹೇಳುವುದಿಲ್ಲ. ಹೆಸರಿನಲ್ಲಿ ಅಕ್ಷರ ಬಿಟ್ಟು ಬೇರೇನೂ ಇರಬಾರದೆಂದು ಈಸ್‌ಆಲ್ಫಾ() ಹಾಕುವುದು ಎಲ್ಲ ಪಾಠಗಳ ಪದ್ಧತಿ. "ರಮಣ" ಎಂದರೆ ಅದು ಟ್ರೂ ಎನ್ನುತ್ತದೆ. "ರಾಮಣ್ಣ" ಎಂದರೆ ಫಾಲ್ಸ್! ಯೂನಿಕೋಡ್ ಲೆಕ್ಕದಲ್ಲಿ ದೀರ್ಘದ ಇಳಿಯಾಗಲಿ ಒತ್ತಕ್ಷರ ಕೂಡಿಸುವ ಹಲಂತ ಚಿಹ್ನೆಯಾಗಲಿ ಅಕ್ಷರವಲ್ಲ, ಅಕ್ಷರಕ್ಕೆ ಅಂಟುವ ಗುರುತು. ಗುಣಿತವಿಲ್ಲದ ಹೆಸರು ಎಷ್ಟು ಮಂದಿಗೆ ಇರುತ್ತದೆ? ಲೆನ್() ಕೂಡ ಹೀಗೆಯೇ; ರಾಮಣ್ಣನ ಹೆಸರನ್ನು ನಾವು ಮೂರಕ್ಷರ ಎನ್ನುತ್ತೇವೆ, ಅದು 6 ಎನ್ನುತ್ತದೆ. ಹೆಸರಿಗೆ ಈಸ್‌ಆಲ್ಫಾ ಬೇಡವೇ ಬೇಡ. ಖಾಲಿ ಇರಬಾರದು, ಅಂಕಿ ಇರಬಾರದು, ಅಷ್ಟು ನೋಡಿದರೆ ಧಾರಾಳ.

ಅದೇ ಹೆಸರು ಎರಡು ಬೇರೆ ಕೀಬೋರ್ಡ್ ತಂತ್ರಾಂಶಗಳಿಂದ ಬಂದಾಗ ಕಣ್ಣಿಗೆ ಒಂದೇ ಆಗಿದ್ದು ಒಳಗೆ ಬೇರೆಯಾಗಿರಬಹುದು. ಓತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎರಡು ಚಿಹ್ನೆಗಳ ಜೋಡಿಯಾಗಿಯೂ ಇಡಬಹುದು. ಕೊಟ್ರೇಶಿ ಎಂದು ಹುಡುಕಿದರೆ ಕೊಟ್ರೇಶಿ ಸಿಗದಿರುವುದು ಹೀಗೆ. ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಜ್ ಫಂಕ್ಷನ್‌ಗೆ ಎನ್‌ಎಫ್‌ಸಿ (ಜೋಡಿಯನ್ನು ಒಂದೇ ಸಂಕೇತಕ್ಕೆ ಕೂಡಿಸುವ) ರೂಪ ಕೇಳಿ, ಸೇವ್ ಮಾಡುವಾಗಲೂ ಹುಡುಕುವಾಗಲೂ ಒಂದೇ ರೂಪಕ್ಕೆ ತನ್ನಿ. ಅರ್ಧಾಕ್ಷರ ಬಿಡಿಸಿ ತೋರಿಸಲು ಹಾಕುವ ಕಣ್ಣಿಗೆ ಕಾಣದ ಅಗಲವಿಲ್ಲದ ಚಿಹ್ನೆಯನ್ನು ಸ್ಟ್ರಿಪ್ ತೆಗೆಯುವುದಿಲ್ಲ, ಅದಕ್ಕದು ಖಾಲಿ ಜಾಗವಲ್ಲ. ಹೆಸರಿನ ಕೊನೆಯಲ್ಲಿ ಉಳಿದಿದ್ದರೆ ನೀವೇ ತೆಗೆಯಬೇಕು. ನುಡಿ ಅಥವಾ ಬರಹದಲ್ಲಿ ಯೂನಿಕೋಡ್ ಅಲ್ಲದ ಹಳೆಯ ಕ್ರಮ ಆಯ್ಕೆಯಾಗಿದ್ದರೆ ಗೆಟ್ ಕೊಡುವುದು ಕನ್ನಡವನ್ನೇ ಅಲ್ಲ, ಅರ್ಥವಿಲ್ಲದ ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಅದನ್ನು ಕೋಡ್‌ನಲ್ಲಿ ಸರಿಪಡಿಸಲು ಹೋಗಬೇಡಿ, ಕೀಬೋರ್ಡ್ ಕ್ರಮ ಬದಲಿಸಿ. ಇನ್ನು ಲಿನಕ್ಸ್‌ನಲ್ಲಿ ಎಂಟ್ರಿಯೊಳಗೆ ಒತ್ತಕ್ಷರಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ಕಾಣಿಸಬಹುದು. ನೋಡಲು ಅಸಹ್ಯ, ಆದರೆ ಓದಿ ಸೇವ್ ಮಾಡುವ ಪಠ್ಯಕ್ಕೆ ಧಕ್ಕೆಯಿಲ್ಲ.

ಒಂದು ಸಂತೋಷದ ಸಂಗತಿಯೂ ಇದೆ. ಯಾರಾದರೂ ಲೀಟರ್ ಬಾಕ್ಸ್‌ನಲ್ಲಿ ೧೨.೫ ಎಂದು ಕನ್ನಡ ಅಂಕಿಯಲ್ಲೇ ಬರೆದರೆ ಪೈಥಾನ್ 3ರ ಫ್ಲೋಟ್() ತಕರಾರಿಲ್ಲದೆ 12.5 ಎಂದು ಓದುತ್ತದೆ. ಇಂಟ್, ಡೆಸಿಮಲ್ ಕೂಡ ಓದುತ್ತವೆ. ಇಂಟ್‌ವಾರ್, ಡಬಲ್‌ವಾರ್ ಓದುವುದಿಲ್ಲ, ಏಕೆಂದರೆ ಟಿಸಿಎಲ್‌ಗೆ ಆ ಅಂಕಿಗಳ ಪರಿಚಯವಿಲ್ಲ. ಅವನ್ನು ಬಿಡಿ ಎನ್ನಲು ನನಗೆ ಇದೂ ಒಂದು ಕಾರಣ.

ಉಳಿದ ವಿಜೆಟ್‌ಗಳಿಗೆ ಬರೋಣ. ಷರಾ ಬರೆಯುವ ಬಾಕ್ಸ್ ಹಲವು ಸಾಲಿನ ಟೆಕ್ಸ್ಟ್ ವಿಜೆಟ್ ಆಗಿದ್ದರೆ ಅದರ ಗೆಟ್‌ಗೆ ಎಲ್ಲಿಂದ ಎಲ್ಲಿಗೆ ಎಂದು ಹೇಳಬೇಕು: "1.0" ಇಂದ "ಎಂಡ್-1ಸಿ" ವರೆಗೆ. ಸಾಲುಗಳ ಎಣಿಕೆ 1ರಿಂದ, ಅಕ್ಷರಗಳ ಎಣಿಕೆ 0ಯಿಂದ. ಬರೀ "ಎಂಡ್" ಎಂದರೆ ಟಿಕೆ ತಾನಾಗಿ ಕೊನೆಗೆ ಇಟ್ಟುಕೊಂಡಿರುವ ಒಂದು ಹೊಸಸಾಲಿನ ಚಿಹ್ನೆಯೂ ಬರುತ್ತದೆ, ಖಾಲಿ ಷರಾ ಕೂಡ ಖಾಲಿ ಅಲ್ಲ ಎಂದಾಗುತ್ತದೆ.

ಹಸು, ಎಮ್ಮೆ ಆಯ್ಕೆಗೆ ಕಾಂಬೊಬಾಕ್ಸ್ ಬಳಸಿದ್ದರೆ ಸ್ಟೇಟನ್ನು ರೀಡ್‌ಓನ್ಲಿ ಮಾಡಿ. ಇಲ್ಲದಿದ್ದರೆ ಅದರಲ್ಲಿ ಯಾರು ಏನು ಬೇಕಾದರೂ ಟೈಪ್ ಮಾಡುತ್ತಾರೆ. ಗೆಟ್ ಪಠ್ಯ ಕೊಡುತ್ತದೆ, ಕರೆಂಟ್() ಎಷ್ಟನೆಯದೆಂದು ಹೇಳುತ್ತದೆ. ಏನನ್ನೂ ಆರಿಸದಿದ್ದರೆ -1. ಆ -1 ಅನ್ನು ನೋಡದೆ ಪೈಥಾನ್ ಲಿಸ್ಟ್‌ಗೆ ಕೊಟ್ಟರೆ ಅದು ಕೊನೆಯ ಐಟಂ ಎತ್ತಿಕೊಡುತ್ತದೆ, ಆರಿಸದೆ ಬಿಟ್ಟದ್ದೆಲ್ಲ ಎಮ್ಮೆ ಹಾಲಾಗಿ ದರವೂ ಏರುತ್ತದೆ. ಲಿಸ್ಟ್‌ಬಾಕ್ಸ್ ಆದರೆ ಕರ್‌ಸೆಲೆಕ್ಷನ್() ಕ್ರಮಾಂಕಗಳ ಟ್ಯೂಪಲ್ ಕೊಡುತ್ತದೆ. ಅದರ ಎಕ್ಸ್‌ಪೋರ್ಟ್‌ಸೆಲೆಕ್ಷನ್ ಆಯ್ಕೆಯನ್ನು ಫಾಲ್ಸ್ ಮಾಡಲು ಮರೆಯಬೇಡಿ, ಮರೆತರೆ ಪಕ್ಕದ ಎಂಟ್ರಿಯಲ್ಲಿ ಪಠ್ಯ ಸೆಲೆಕ್ಟ್ ಮಾಡಿದ ಕೂಡಲೇ ಲಿಸ್ಟ್‌ಬಾಕ್ಸ್‌ನ ಆಯ್ಕೆ ಅಳಿಸಿಹೋಗುತ್ತದೆ.

ಸ್ಟ್ರಿಂಗ್‌ವಾರ್ ಬಳಸುವವರಿಗೆ ಎರಡು ಕಡೆ ಪೆಟ್ಟು ಬೀಳುತ್ತದೆ. ಒಂದು, ಫಂಕ್ಷನ್ ಒಳಗೆ ಸ್ಥಳೀಯ ವೇರಿಯಬಲ್ ಆಗಿ ಮಾಡಿದ ಸ್ಟ್ರಿಂಗ್‌ವಾರನ್ನು, ಆ ಫಂಕ್ಷನ್ ಮುಗಿದಾಗ ಪೈಥಾನ್ ಕಸವೆಂದು ಗುಡಿಸಿಬಿಡುತ್ತದೆ. ಬಾಕ್ಸ್‌ನಲ್ಲಿ ಮೊದಲೇ ತುಂಬಿಟ್ಟ ಪಠ್ಯ ಮಾಯವಾಗಬಹುದು. ಕ್ಲಾಸ್‌ನ ಸೆಲ್ಫ್‌ಗೆ ಅಥವಾ ಡಿಕ್ಷನರಿಗೆ ಕಟ್ಟಿಡಿ. ಇನ್ನೊಂದು, ಎರಡನೆಯ ವಿಂಡೋ ಬೇಕೆಂದು ಮತ್ತೊಮ್ಮೆ ಟಿಕೆ() ಕರೆಯುವುದು. ಆಗ ಎರಡು ಪ್ರತ್ಯೇಕ ಟಿಸಿಎಲ್ ಲೋಕಗಳು ಹುಟ್ಟುತ್ತವೆ. ಯಾವುದಕ್ಕೆಂದು ಹೇಳದೆ ಮಾಡಿದ ಸ್ಟ್ರಿಂಗ್‌ವಾರ್ ಮೊದಲನೆಯದಕ್ಕೆ ಸೇರುತ್ತದೆ, ಬಾಕ್ಸ್ ಎರಡನೆಯದರಲ್ಲಿ ಇರುತ್ತದೆ. ಎಷ್ಟೇ ಟೈಪ್ ಮಾಡಿದರೂ ಗೆಟ್ ಖಾಲಿ. ಎರಡನೆಯ ವಿಂಡೋಗೆ ಟಾಪ್‌ಲೆವೆಲ್ ಬಳಸಿ. ಬಟನ್ ಫಂಕ್ಷನ್ ಒಳಗೇ ಓದುತ್ತಿದ್ದರೂ ಖಾಲಿ ಬರುತ್ತಿದ್ದರೆ ನಾನು ಮೊದಲು ಹುಡುಕುವುದು ಈ ಎರಡನೆಯ ಟಿಕೆ()ಯನ್ನೇ.

ಸ್ಟ್ರಿಂಗ್‌ವಾರ್ ನಿಜಕ್ಕೂ ಉಪಯೋಗಕ್ಕೆ ಬರುವುದು, ಟೈಪ್ ಮಾಡುತ್ತಿದ್ದ ಹಾಗೇ ಒಟ್ಟು ಮೊತ್ತ ತೋರಿಸಬೇಕೆಂದಾಗ. ಟ್ರೇಸ್_ಆ್ಯಡ್‌ಗೆ "ರೈಟ್" ಎಂದು ಕೊಟ್ಟು ಫಂಕ್ಷನ್ ಕಟ್ಟಿ; ಅದಕ್ಕೆ ಮೂರು ಆರ್ಗ್ಯುಮೆಂಟ್ ಬರುತ್ತವೆ, ಬೇಡವಾದರೂ ಹಿಡಿದುಕೊಳ್ಳಬೇಕು. ಇದರ ಬದಲು ಕೀ ಈವೆಂಟ್‌ಗೆ ಬೈಂಡ್ ಮಾಡಿ ಅಲ್ಲಿ ಗೆಟ್ ಕರೆದರೆ ಯಾವಾಗಲೂ ಒಂದು ಅಕ್ಷರ ಹಿಂದೆ ಇರುತ್ತೀರಿ, ಏಕೆಂದರೆ ನಿಮ್ಮ ಬೈಂಡ್ ಓಡುವುದು ಆ ಅಕ್ಷರ ಬಾಕ್ಸ್‌ಗೆ ಬೀಳುವ ಮೊದಲು. ಕೀರಿಲೀಸ್ ಆದರೆ ಸರಿ, ಆದರೆ ಮೌಸ್‌ನಿಂದ ಪೇಸ್ಟ್ ಮಾಡಿದ್ದು ಅದಕ್ಕೆ ಗೊತ್ತಾಗದು. ಟ್ರೇಸ್‌ಗೆ ಗೊತ್ತಾಗುತ್ತದೆ.

ಬಾಕ್ಸ್‌ಗಳು ಹೆಚ್ಚಿರುವುದರಿಂದ ಲೂಪ್‌ನಲ್ಲಿ ಮಾಡಿ ಡಿಕ್ಷನರಿಯಲ್ಲಿಡಿ: ಹೆಸರು ಕೀಲಿ, ಎಂಟ್ರಿ ಬೆಲೆ. ಆಗ ಓದುವುದು, ಸೇವ್ ಆದ ಮೇಲೆ ಡಿಲೀಟ್(0, "ಎಂಡ್") ಮಾಡಿ ಖಾಲಿ ಮಾಡುವುದು ಎರಡಕ್ಕೂ ಎರಡೆರಡು ಸಾಲು ಸಾಕು. ಲೂಪ್‌ನೊಳಗೆ ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಬರೆದಿದ್ದರೆ ಜೋಕೆ, ಎಲ್ಲ ಬಟನ್‌ಗಳೂ ಕೊನೆಯ ಬಾಕ್ಸ್‌ನ್ನೇ ಓದುತ್ತವೆ. ಲ್ಯಾಂಬ್ಡಾಗೆ ಡಿಫಾಲ್ಟ್ ಆರ್ಗ್ಯುಮೆಂಟ್ ಆಗಿ ಆ ಹೊತ್ತಿನ ಬೆಲೆ ಕೊಟ್ಟರೆ ಹೋಗುತ್ತದೆ. ಓದಿದ್ದನ್ನು ಎಸ್‌ಕ್ಯೂಲೈಟ್ ಡೇಟಾಬೇಸ್‌ಗೆ ಹಾಕುವಾಗ ಸ್ಟ್ರಿಂಗ್‌ಗಳನ್ನು ಜೋಡಿಸಿ ಕ್ವೆರಿ ಕಟ್ಟದೆ ಪ್ರಶ್ನಾರ್ಥಕ ಚಿಹ್ನೆ ಇಟ್ಟು ಬೆಲೆಗಳನ್ನು ಬೇರೆಯಾಗಿ ಕೊಡಿ. ಕಳ್ಳರ ಭಯ ನಿಮ್ಮ ಡೈರಿಯಲ್ಲಿ ಇಲ್ಲದಿರಬಹುದು, ಆದರೆ ಷರಾದಲ್ಲಿ ಯಾರಾದರೂ ಒಂದೇ ಒಂದು ಉದ್ಧರಣ ಚಿಹ್ನೆ ಹಾಕಿದರೂ ಕ್ವೆರಿ ಮುರಿಯುತ್ತದೆ.

ಈಗ ಕ್ಯೂಟಿ. ಅಲ್ಲಿಯೂ ಮೇನ್‌ಲೂಪ್ ಬದಲು ಎಕ್ಸೆಕ್() ಇದೆ, ಅಲ್ಲಿಯೂ ಫಂಕ್ಷನ್ ಒಳಗೇ ಓದಬೇಕು, ಕ್ಯೂಲೈನ್‌ಎಡಿಟ್‌ನ ಟೆಕ್ಸ್ಟ್() ಕೊಡುವುದೂ ಸ್ಟ್ರಿಂಗೇ. ಹಲವು ಸಾಲಿನ ಬಾಕ್ಸ್‌ಗೆ ಟುಪ್ಲೇನ್‌ಟೆಕ್ಸ್ಟ್(), ಕಾಂಬೊಗೆ ಕರೆಂಟ್‌ಟೆಕ್ಸ್ಟ್(), ಚೆಕ್‌ಬಾಕ್ಸ್‌ಗೆ ಈಸ್‌ಚೆಕ್ಡ್(). ಬ್ರ್ಯಾಕೆಟ್ ಮರೆತರೆ ಪಠ್ಯದ ಬದಲು ಮೆಥಡ್ಡೇ ಕೈಗೆ ಬರುತ್ತದೆ. ಅದರ ನಿಜವಾದ ಲಾಭ ಕ್ಯೂಡಬಲ್‌ಸ್ಪಿನ್‌ಬಾಕ್ಸ್ ಮತ್ತು ಕ್ಯೂಡೇಟ್‌ಎಡಿಟ್: ಮೊದಲನೆಯದರ ವ್ಯಾಲ್ಯೂ() ಮಿತಿಯೊಳಗಿನ ಸಂಖ್ಯೆಯನ್ನೇ ಕೊಡುತ್ತದೆ, ಎರಡನೆಯದು ದಿನಾಂಕವನ್ನೇ ಕೊಡುತ್ತದೆ. ಕನ್ನಡ ಒತ್ತಕ್ಷರಗಳೂ ಎಲ್ಲ ಕಡೆ ಚೆನ್ನಾಗಿ ಮೂಡುತ್ತವೆ. ನಿಮ್ಮ ಕಾರ್ಯದರ್ಶಿ ಲಿನಕ್ಸ್ ಯಂತ್ರದಲ್ಲಿ ಕನ್ನಡದಲ್ಲೇ ಟೈಪ್ ಮಾಡುವವರಾದರೆ ಆ ಒಂದು ಕಾರಣಕ್ಕೆ ಕ್ಯೂಟಿಯ ಪೈಥಾನ್ ರೂಪವಾದ ಪೈಸೈಡ್ 6ಕ್ಕೆ ಹೋಗಬಹುದು. ವಿಂಡೋಸ್ ಆದರೆ ಟಿಕಿಂಟರ್‌ನಲ್ಲೇ ಮುಗಿಸಿ.

ಎಂಟರ್ ಒತ್ತಿದರೂ ಸೇವ್ ಆಗುವ ಹಾಗೆ ಮಾಡಿಕೊಡಿ, ಬೆಳಗಿನ ರಶ್‌ನಲ್ಲಿ ಮೌಸ್ ಹಿಡಿಯಲು ಪುರಸೊತ್ತಿರುವುದಿಲ್ಲ. ರೂಟ್‌ಗೆ ರಿಟರ್ನ್ ಈವೆಂಟ್ ಬೈಂಡ್ ಮಾಡಿ; ಬೈಂಡ್ ನಿಮ್ಮ ಫಂಕ್ಷನ್‌ಗೆ ಈವೆಂಟ್ ಎಂಬ ಒಂದು ಆರ್ಗ್ಯುಮೆಂಟ್ ಕಳಿಸುತ್ತದೆ, ಬಟನ್‌ನ ಕಮಾಂಡ್ ಕಳಿಸುವುದಿಲ್ಲ, ಆದ್ದರಿಂದ ಉಳಿಸು(ಈವೆಂಟ್=ನನ್) ಎಂದು ಬರೆದರೆ ಎರಡಕ್ಕೂ ಆಗುತ್ತದೆ. ಷರಾ ಬಾಕ್ಸ್ ಹಲವು ಸಾಲಿನದಾದರೆ ಅಲ್ಲಿ ಎಂಟರ್ ಹೊಸ ಸಾಲಿಗೆ ಬೇಕಾಗುತ್ತದೆ. ಅದನ್ನು ಒಂದೇ ಸಾಲಿನ ಎಂಟ್ರಿ ಮಾಡಿಬಿಡುವುದು ವಾಸಿ. ನಂಬರ್ ಪ್ಯಾಡ್‌ನ ಎಂಟರ್ ಬೇರೆಯದೇ ಕೀಲಿ, ಅದರ ಹೆಸರು ಕೆಪಿ_ಎಂಟರ್. ಲೀಟರ್, ಫ್ಯಾಟ್ ಬರೆಯುವವರ ಬಲಗೈ ಇರುವುದೇ ಅಲ್ಲಿ, ಅದನ್ನೂ ಬೈಂಡ್ ಮಾಡಿ.